ಪ್ರಿಕ್ವೆಲ್ ನೋಡಿ ಬೈದವರಿಗೂ ಹೊಗಳಿದವರಿಗೂ ಒಂದು ಬಹಿರಂಗ ಪತ್ರ

ವಿಜ್ಞಾನ ಕಥೆಯ ಸಿನಿಮಾಗಳನ್ನು ಪ್ರೀತಿಸುವ ಎಲ್ಲ ಪ್ರೇಕ್ಷಕರಿಗೆ ನಮಸ್ಕಾರ.

ಈ ಪತ್ರ ‘ಪ್ರೊಮೀಥಿಯಸ್’ ಬಗ್ಗೆ. 2012ರಲ್ಲಿ ಬಂದ ಸಿನಿಮಾ, 1979ರ ‘ಏಲಿಯನ್’ಗೆ ಪ್ರಿಕ್ವೆಲ್, ಅಂದರೆ ಅದರ ಕಥೆಗಿಂತ ಹಿಂದೆ ನಡೆಯುವ ಕಥೆ. ಇಷ್ಟು ವರ್ಷ ಆದಮೇಲೂ ಅದರ ಹೆಸರು ಎತ್ತಿದರೆ ಸಾಕು, ಜಗಳ ಶುರು. ಒಂದು ಕಡೆಯವರು ‘ದಡ್ಡ ವಿಜ್ಞಾನಿಗಳ ಮೆರವಣಿಗೆ’ ಅನ್ನುತ್ತಾರೆ. ಇನ್ನೊಂದು ಕಡೆಯವರು ‘ನಿಮಗೆ ಅರ್ಥ ಆಗಿಲ್ಲ ಬಿಡಿ’ ಅನ್ನುತ್ತಾರೆ. ನನಗೆ ಇಬ್ಬರ ಮೇಲೂ ತಕರಾರಿದೆ. ನಿರ್ದೇಶಕರಿಗೋ ಸ್ಟುಡಿಯೋದವರಿಗೋ ಬರೆಯದೆ ನಿಮಗೇ ಬರೆಯುತ್ತಿರುವುದು ಅದಕ್ಕೇ. ನಮ್ಮ ಮಾತನ್ನು ಅವರು ಎಲ್ಲಿ ಕೇಳ್ತಾರೆ ಅಂತ ನೀವು ಅಂದುಕೊಂಡಿರಬಹುದು. ಕೇಳಿದರು. ಚೆನ್ನಾಗಿಯೇ ಕೇಳಿಸಿಕೊಂಡರು. ಆಮೇಲೆ ಆದ ಎಡವಟ್ಟಿನಲ್ಲಿ ನಮ್ಮ ಪಾಲೂ ಇದೆ ಅನ್ನೋದು ನನ್ನ ವಾದ.

ಸಿನಿಮಾ ಇನ್ನೂ ನೋಡದವರು ಇಲ್ಲೇ ನಿಲ್ಲಿ. ಕಥೆಯನ್ನು ಪೂರ್ತಿ ಬಿಚ್ಚಿಡುತ್ತಿದ್ದೇನೆ. ಮನುಷ್ಯರನ್ನು ಸೃಷ್ಟಿಸಿದ ‘ಎಂಜಿನಿಯರ್’ ಅನ್ನುವ ದೈತ್ಯರನ್ನು ಹುಡುಕಿಕೊಂಡು ವಿಜ್ಞಾನಿಗಳ ತಂಡವೊಂದು ದೂರದ ಲೋಕಕ್ಕೆ ಹೋಗುವ ಕಥೆ ಅದು.

ಮೊದಲು ಬೈದವರ ಕಡೆಯಿಂದ ನೋಡೋಣ, ಯಾಕೆಂದರೆ ಅವರ ಸಿಟ್ಟಿಗೆ ಕಾರಣ ಇದೆ. 1979ರ ‘ಏಲಿಯನ್’ನಲ್ಲಿ ಒಂದು ದೃಶ್ಯ ಬರುತ್ತದೆ. ಮೂವರು ಸಿಬ್ಬಂದಿ ಪಾಳುಬಿದ್ದ ಅನ್ಯಲೋಕದ ನೌಕೆಯೊಳಗೆ ಹೋಗುತ್ತಾರೆ. ಅಲ್ಲಿ ದೊಡ್ಡ ಕುರ್ಚಿಯಂಥ ಯಂತ್ರದಲ್ಲಿ ಒಂದು ದೈತ್ಯ ಜೀವಿ ಕಲ್ಲಾಗಿ ಕೂತಿದೆ. ಪಕ್ಕೆಲುಬುಗಳು ಒಳಗಿನಿಂದ ಹೊರಕ್ಕೆ ಸಿಡಿದಿವೆ. ಅದು ಯಾರು, ಎಲ್ಲಿಂದ ಬಂದದ್ದು, ಯಾಕೆ ಸತ್ತದ್ದು? ಒಂದು ಮಾತಿನ ವಿವರಣೆಯೂ ಇಲ್ಲ. ಸ್ವಿಟ್ಜರ್‌ಲ್ಯಾಂಡಿನ ಕಲಾವಿದ ಎಚ್.ಆರ್. ಗೀಗರ್ ಅದನ್ನು ರೂಪಿಸಿದ್ದರು. ಅದು ಇನ್ನೂ ದೊಡ್ಡದಾಗಿ ಕಾಣಲಿ ಅಂತ ನಿರ್ದೇಶಕ ರಿಡ್ಲಿ ಸ್ಕಾಟ್ ಚಿಕ್ಕ ಅಳತೆಯ ಬಾಹ್ಯಾಕಾಶ ಉಡುಪು ಹೊಲಿಸಿ, ತಮ್ಮ ಮಕ್ಕಳಿಗೇ ತೊಡಿಸಿ, ದೂರದ ಶಾಟ್‌ಗಳಲ್ಲಿ ನಿಲ್ಲಿಸಿದ್ದರು. ಅಭಿಮಾನಿಗಳು ಆ ಜೀವಿಗೆ ‘ಸ್ಪೇಸ್ ಜಾಕಿ’ ಅಂತ ಕರೆದರು. 1986, 1992, 1997ರಲ್ಲಿ ಮೂರು ಮುಂದುವರಿದ ಭಾಗಗಳು ಬಂದವು. ಒಂದರಲ್ಲೂ ಈ ಜೀವಿಯ ಕಥೆ ಬರಲಿಲ್ಲ. ಅಂದರೆ 33 ವರ್ಷ ಪ್ರೇಕ್ಷಕರು ತಮ್ಮ ತಲೆಯೊಳಗೇ ಅದಕ್ಕೊಂದು ಕಥೆ ಕಟ್ಟಿಕೊಂಡಿದ್ದರು. ಒಬ್ಬೊಬ್ಬರದು ಒಂದೊಂದು ಕಥೆ.

ಇಂಥ ಜಾಗಕ್ಕೆ ಯಾರೇ ಕೈ ಹಾಕಿದರೂ ಕಷ್ಟ. ಸ್ಕಾಟ್ ಅವರೇ ಕೈ ಹಾಕಿದರು. 1982ರ ನಂತರ ಅವರು ವಿಜ್ಞಾನ ಕಥೆಯ ಸಿನಿಮಾ ಮಾಡಿರಲೇ ಇಲ್ಲ. ಹಾಗಾಗಿ ನಿರೀಕ್ಷೆ ಆಕಾಶಕ್ಕೇರಿತ್ತು. ಪ್ರಚಾರ ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ಇದು ನೇರ ಪ್ರಿಕ್ವೆಲ್ ಅಲ್ಲ, ‘ಏಲಿಯನ್’ನ ಡಿಎನ್ಎಯ ಎಳೆಗಳು ಇದರಲ್ಲಿವೆ ಅಷ್ಟೇ ಅಂತ ಹೇಳಿದರು. ಟ್ರೇಲರ್‌ನಲ್ಲಿ ನೋಡಿದರೆ 1979ರ ಟ್ರೇಲರ್‌ನದೇ ಆ ಕಿರುಚುವ ಸೈರನ್ ಸದ್ದು. ಅದೇ ಬಗೆಯ ನೌಕೆ, ಅದೇ ಕುರ್ಚಿ. ಇಷ್ಟೆಲ್ಲ ತೋರಿಸಿ ಕರೆದ ಮೇಲೆ ಪ್ರೇಕ್ಷಕ ಹಳೆಯ ಏಲಿಯನ್ನನ್ನು ಹುಡುಕಿಕೊಂಡು ಬರದೆ ಇನ್ನೇನು ಮಾಡ್ತಾನೆ? ‘ತಪ್ಪು ನಿರೀಕ್ಷೆ ಇಟ್ಟುಕೊಂಡು ಹೋದಿರಿ’ ಅಂತ ನಮ್ಮನ್ನೇ ಬೈಯುವ ಹೊಗಳುಭಟರಿಗೆ ನನ್ನ ಉತ್ತರ ಇದು. ಆ ನಿರೀಕ್ಷೆಯನ್ನು ಹುಟ್ಟಿಸಿದವರು ಅವರೇ. ಮೇಲಾಗಿ, ನೌಕೆ ಉರುಳಿ ಬೀಳುವ ಕ್ಲೈಮ್ಯಾಕ್ಸ್ ದೃಶ್ಯವನ್ನೂ ಟ್ರೇಲರ್‌ನಲ್ಲೇ ತೋರಿಸಿಬಿಟ್ಟರು. ಅದು ಯಾರ ಐಡಿಯಾನೋ!

ಈಗ ಆ ‘ದಡ್ಡ ವಿಜ್ಞಾನಿಗಳ’ ವಿಷಯ. ಪಟ್ಟಿ ಎಲ್ಲರಿಗೂ ಬಾಯಿಪಾಠ. ಗೊತ್ತಿಲ್ಲದ ಜಗತ್ತಿನಲ್ಲಿ ಗಾಳಿ ಉಸಿರಾಡಬಹುದು ಅಂತ ಗೊತ್ತಾದ ಕೂಡಲೇ ತಂಡದ ವಿಜ್ಞಾನಿ ಹಾಲೊವೇ ಹೆಲ್ಮೆಟ್ ತೆಗೆಯುತ್ತಾನೆ. ಗುಹೆಯ ನಕ್ಷೆ ಮಾಡಲು ಹಾರುವ ಯಂತ್ರಗಳನ್ನು ಬಿಟ್ಟ ಭೂವಿಜ್ಞಾನಿ ಫೈಫೀಲ್ಡ್ ಅದೇ ಗುಹೆಯಲ್ಲಿ ದಾರಿ ತಪ್ಪುತ್ತಾನೆ. ಜೀವಶಾಸ್ತ್ರಜ್ಞ ಮಿಲ್‌ಬರ್ನ್ ಸಾವಿರಾರು ವರ್ಷ ಹಿಂದೆ ಸತ್ತ ಹೆಣ ಕಂಡು ಹೆದರಿ ಓಡುತ್ತಾನೆ. ಆದರೆ ಹೆಡೆ ಎತ್ತಿ ಬುಸುಗುಡುವ ಜೀವಂತ ಪ್ರಾಣಿಯನ್ನು ಮುದ್ದು ಮಾಡಲು ಕೈ ಚಾಚುತ್ತಾನೆ. ಕೊನೆಗೆ ದೈತ್ಯ ನೌಕೆ ಚಕ್ರದ ಹಾಗೆ ಉರುಳಿ ಬರುವಾಗ ಯಾತ್ರೆಯ ಮೇಲ್ವಿಚಾರಕಿ ವಿಕರ್ಸ್ ಪಕ್ಕಕ್ಕೆ ಸರಿಯದೆ ನೆಟ್ಟಗೆ ಓಡಿ ಸಾಯುತ್ತಾಳೆ.

ಈ ಟೀಕೆಯನ್ನು ‘ಅದೆಲ್ಲ ಸಣ್ಣಪುಟ್ಟದ್ದು’ ಅಂತ ತಳ್ಳಿಹಾಕುವವರು ಒಮ್ಮೆ 1979ರ ಸಿನಿಮಾಕ್ಕೆ ವಾಪಸ್ ಹೋಗಿ ನೋಡಬೇಕು. ಅಲ್ಲೂ ದೊಡ್ಡ ತಪ್ಪೊಂದು ನಡೆಯುತ್ತದೆ. ಮುಖಕ್ಕೆ ಜೀವಿ ಅಂಟಿಕೊಂಡ ಸಿಬ್ಬಂದಿ ಕೇನ್‌ನನ್ನು ಹೊತ್ತು ತಂದಾಗ ನೌಕೆಯ ಅಧಿಕಾರಿ ರಿಪ್ಲಿ ಬಾಗಿಲು ತೆಗೆಯಲು ಒಪ್ಪುವುದಿಲ್ಲ. 24 ಗಂಟೆ ಕ್ವಾರಂಟೈನ್ ಆಗಲೇಬೇಕು, ನಿಯಮ ಇದೆ ಅನ್ನುತ್ತಾಳೆ. ಹೊರಗೆ ನಿಂತ ಕ್ಯಾಪ್ಟನ್ ಡಲ್ಲಾಸ್, ಅವನು ಸಾಯ್ತಾನೆ, ತೆಗಿ ಅನ್ನುತ್ತಾನೆ. ಒಳಗಿದ್ದ ವಿಜ್ಞಾನಾಧಿಕಾರಿ ಆ್ಯಶ್ ಸುಮ್ನೆ ಗುಂಡಿ ಒತ್ತಿ ಬಾಗಿಲು ತೆಗೆದುಬಿಡುತ್ತಾನೆ. ಮೂವರೂ ತಮ್ಮ ತಮ್ಮ ಕಾರಣಕ್ಕೆ ಸರಿ. ಕ್ಯಾಪ್ಟನ್‌ಗೆ ತನ್ನ ಜೊತೆಗಾರನ ಪ್ರಾಣ ಮುಖ್ಯ. ಆ್ಯಶ್‌ಗೆ ಕಂಪನಿ ಕೊಟ್ಟ ಗುಟ್ಟಿನ ಆದೇಶ ಮುಖ್ಯ, ಅದು ನಮಗೆ ಗೊತ್ತಾಗುವುದು ಆಮೇಲೆ. ಅಲ್ಲಿ ತಪ್ಪು ನಡೆಯುವುದು ಮನುಷ್ಯರ ಸ್ವಭಾವದಿಂದ. ಇಲ್ಲಿ ಬಹುಪಾಲು ತಪ್ಪುಗಳು ನಡೆಯುವುದು ಮುಂದಿನ ದೃಶ್ಯಕ್ಕೆ ಒಂದು ಹೆಣ ಬೇಕು ಅನ್ನುವ ಕಾರಣಕ್ಕೆ. ಪ್ರೇಕ್ಷಕನಿಗೆ ಚಿತ್ರಕಥೆಯ ಪಾಠ ಗೊತ್ತಿರಬೇಕಾಗಿಲ್ಲ, ಈ ವ್ಯತ್ಯಾಸ ಅವನಿಗೆ ತಾನಾಗಿ ಗೊತ್ತಾಗುತ್ತದೆ.

ಹಾಗಂತ ನಕ್ಕಿದ್ದೆಲ್ಲ ನಗುವಂಥದ್ದೇ ಆಗಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ಯಂತ್ರದ ವಿಷಯ ತೆಗೆದುಕೊಳ್ಳಿ. ಹೊಟ್ಟೆಯೊಳಗೆ ಬೆಳೆಯುತ್ತಿರುವುದನ್ನು ತೆಗೆಸಲು ತಂಡದ ವಿಜ್ಞಾನಿ ಎಲಿಜಬೆತ್ ಶಾ, ವಿಕರ್ಸ್ ಕೋಣೆಯಲ್ಲಿರುವ ಆ ಯಂತ್ರದ ಹತ್ತಿರ ಓಡುತ್ತಾಳೆ. ಅದು ಗಂಡಸರಿಗೆ ಮಾತ್ರ ಹೊಂದಿಸಿರುವ ಯಂತ್ರ ಅಂತ ಅದೇ ಹೇಳುತ್ತದೆ. ಹೆಂಗಸಿನ ಕೋಣೆಯಲ್ಲಿ ಗಂಡಸರ ಯಂತ್ರ ಯಾಕೆ, ಎಂಥ ಬರವಣಿಗೆ ಇದು ಅಂತ ಎಷ್ಟು ಜನ ಗೇಲಿ ಮಾಡಿದ್ದಾರೆ! ಆದರೆ ಅದು ಸುಳಿವು. ಯಂತ್ರ ಇಟ್ಟಿದ್ದು ವಿಕರ್ಸ್‌ಗೋಸ್ಕರ ಅಲ್ಲ. ನೌಕೆಯಲ್ಲಿ ಗುಟ್ಟಾಗಿ ಮಲಗಿರುವ, ಈ ಯಾತ್ರೆಗೆ ದುಡ್ಡು ಹಾಕಿದ ಕಂಪನಿಯ ಮಾಲೀಕ, ಮುದುಕ ಪೀಟರ್ ವೇಲ್ಯಾಂಡ್‌ಗೋಸ್ಕರ. ಸ್ವಲ್ಪ ಹೊತ್ತಿನಲ್ಲೇ ಅವನು ಎದ್ದು ಕೂರುತ್ತಾನೆ. ಸಿನಿಮಾ ನಮ್ಮ ಜಾಣತನವನ್ನು ನಂಬಿದ ಕಡೆ ನಾವು ಅದನ್ನೇ ದಡ್ಡ ಅಂದೆವು.

ಇನ್ನೊಂದು ಇಂಥದ್ದೇ. ಪೈಲಟ್ ಕುರ್ಚಿಯಲ್ಲಿ ಹೆಣ ಇರಬೇಕಿತ್ತು, ಕೊನೆಗೆ ಇಲ್ಲವಲ್ಲ, ಮೊದಲ ಸಿನಿಮಾಕ್ಕೆ ತಾಳೆ ಆಗಲ್ಲ ಅನ್ನುವ ಆರೋಪ. ತಾಳೆ ಆಗಬೇಕಾದ್ದೇ ಇಲ್ಲ. ಅದು ಎಲ್‌ವಿ-426, ಇದು ಎಲ್‌ವಿ-223. ಎರಡೂ ಬೇರೆ ಬೇರೆ ಉಪಗ್ರಹ, ನೌಕೆಯೂ ಬೇರೆ. ಇದನ್ನು ತಪ್ಪು ಅಂತ ಎಣಿಸಿದವರು ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ.

ಈಗ ಹೊಗಳಿದವರ ಕಡೆಗೆ. ಕಣ್ಣಿಗೆ ಹಬ್ಬ ಅಂತೀರಿ, ಒಪ್ಪಿದೆ. ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ಅಂಚಿನಲ್ಲಿ ಬಿಳಿಚಿಕೊಂಡ ದೈತ್ಯನೊಬ್ಬ ಕಪ್ಪು ದ್ರವ ಕುಡಿದು ಕರಗಿ ನೀರಿಗೆ ಬೀಳುವ ಆರಂಭ ಇದೆಯಲ್ಲ, ಅಂಥದ್ದನ್ನು ದೊಡ್ಡ ಪರದೆ ಮೇಲೆ ನಾನು ಜಾಸ್ತಿ ನೋಡಿಲ್ಲ. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಸುಮ್ನೆ ಅಲ್ಲ. ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟರು. ಉತ್ತರ ಕೊಡದೆ ಪ್ರಶ್ನೆ ಎತ್ತುತ್ತದೆ ಅನ್ನುವುದು ಅವರಿಗೆ ಹಿಡಿಸಿತ್ತು. ಆದರೆ ಕಣ್ಣಿಗೆ ಹಬ್ಬ ಆದ ಮಾತ್ರಕ್ಕೆ ಕಥೆಯಲ್ಲಿನ ತೂತುಗಳು ಆಳವಾದ ತತ್ವ ಆಗಿಬಿಡುವುದಿಲ್ಲ. ನೀವು ಪ್ರತಿ ತೂತಿಗೂ ಒಂದು ಅರ್ಥ ಹಚ್ಚುತ್ತಾ ಹೋಗುತ್ತೀರಿ. ಫೈಫೀಲ್ಡ್ ದಾರಿ ತಪ್ಪಿದ್ದು ಮನುಕುಲವೇ ದಾರಿ ತಪ್ಪಿದ್ದರ ಸಂಕೇತವಂತೆ. ಅಯ್ಯೋ, ಬಿಡಿ.

ನನಗೆ ಮುಖ್ಯ ಅನ್ನಿಸುವುದು ಬೇರೆಯೇ ಇದೆ. ಬೈದವರಲ್ಲಿ ಹೆಚ್ಚಿನವರು ‘ಉತ್ತರ ಕೊಡಲಿಲ್ಲ’ ಅಂದರು. ನಮ್ಮನ್ನು ಸೃಷ್ಟಿಸಿದ ಎಂಜಿನಿಯರ್‌ಗಳು ನಮ್ಮನ್ನೇ ಕೊಲ್ಲಲು ಹೊರಟಿದ್ದು ಯಾಕೆ? ಈ ಸಿಟ್ಟಿನ ಒಂದಿಷ್ಟು ಭಾಗ ಹಳೆಯ ಬಾಕಿ ಅಂತ ನನ್ನ ಅನುಮಾನ. ಜಾನ್ ಸ್ಪೇಟ್ಸ್ ಬರೆದ ಮೊದಲ ಚಿತ್ರಕಥೆಯನ್ನು ತಿದ್ದಿ ಬರೆದವರು ಡೇಮನ್ ಲಿಂಡೆಲಾಫ್. 2010ರಲ್ಲಿ ಮುಗಿದ ‘ಲಾಸ್ಟ್’ ಧಾರಾವಾಹಿಯ ಕೊನೆ ನೋಡಿ ಅವರ ಮೇಲೆ ಕೆಂಡ ಕಾರುತ್ತಿದ್ದವರು ಇದನ್ನು ನೋಡುವ ಮೊದಲೇ ತೀರ್ಪು ಬರೆದಿಟ್ಟುಕೊಂಡಿದ್ದರು.

ಆದರೆ ಉತ್ತರ ಅಲ್ಲೇ ಇತ್ತು. ಬಿಲಿಯರ್ಡ್ಸ್ ಮೇಜಿನ ಪಕ್ಕದಲ್ಲಿ ಕುಡಿದು ಬೇಸರದಲ್ಲಿರುವ ಹಾಲೊವೇ ಹತ್ತಿರ ಯಂತ್ರಮಾನವ ಡೇವಿಡ್ ಬರುತ್ತಾನೆ. ನಿಮ್ಮವರು ನನ್ನನ್ನು ಯಾಕೆ ಮಾಡಿದರು ಅಂತ ಕೇಳುತ್ತಾನೆ. ಮಾಡೋಕೆ ಆಗುತ್ತಿತ್ತು, ಅದಕ್ಕೆ ಮಾಡಿದೆವು ಅನ್ನುತ್ತಾನೆ ಹಾಲೊವೇ, ಏನೂ ಯೋಚಿಸದೆ. ನಿಮ್ಮನ್ನು ಮಾಡಿದವರ ಬಾಯಿಂದ ಇದೇ ಉತ್ತರ ಬಂದರೆ ನಿಮಗೆ ಹೇಗಾಗಬಹುದು ಅಂತ ಡೇವಿಡ್ ಕೇಳುತ್ತಾನೆ. ಆಮೇಲೆ ಅವನ ಗ್ಲಾಸಿಗೆ ಕಪ್ಪು ದ್ರವದ ಒಂದು ಹನಿ ಬೀಳುತ್ತದೆ. ಇಡೀ ಸಿನಿಮಾ ಆ ಎರಡು ನಿಮಿಷದಲ್ಲಿದೆ. ಸೃಷ್ಟಿಕರ್ತನಿಗೆ ಘನವಾದ ಕಾರಣ ಇರಲೇಬೇಕು ಅಂತ ಹಂಬಲಿಸಿ ಮನುಷ್ಯರು ಅಷ್ಟು ದೂರ ಬಂದಿದ್ದಾರೆ. ಆದರೆ ತಾವೇ ಸೃಷ್ಟಿ ಮಾಡಿದ ಒಬ್ಬ ಪಕ್ಕದಲ್ಲಿ ನಿಂತು ಅದೇ ಪ್ರಶ್ನೆ ಕೇಳಿದಾಗ ತಾತ್ಸಾರದಿಂದ ಉತ್ತರಿಸುತ್ತಾರೆ. ಹಾಗಿದ್ದಮೇಲೆ ಎಂಜಿನಿಯರ್‌ಗಳು ನಮ್ಮ ಬಗ್ಗೆ ಇನ್ನೂ ಹೆಚ್ಚಿನ ಕಾಳಜಿ ತೋರಿಸಬೇಕು ಅಂತ ಯಾಕೆ ಅಂದುಕೊಂಡಿರಿ?

ಅದಕ್ಕೇ ಡೇವಿಡ್ ಈ ಸಿನಿಮಾದ ನಿಜವಾದ ನಾಯಕ. ಉಳಿದವರೆಲ್ಲ ಎರಡು ವರ್ಷಕ್ಕೂ ಜಾಸ್ತಿ ಕಾಲ ನಿದ್ದೆಯಲ್ಲಿರುವಾಗ ಅವನೊಬ್ಬನೇ ನೌಕೆಯಲ್ಲಿ ಓಡಾಡಿಕೊಂಡಿರುತ್ತಾನೆ. ಸೈಕಲ್ ಹೊಡೆಯುತ್ತಾ ಬ್ಯಾಸ್ಕೆಟ್‌ಬಾಲ್ ಎಸೆಯುತ್ತಾನೆ. ಪ್ರಾಚೀನ ಭಾಷೆಗಳನ್ನು ಕಲಿಯುತ್ತಾನೆ. ‘ಲಾರೆನ್ಸ್ ಆಫ್ ಅರೇಬಿಯಾ’ ನೋಡಿ ಅದರ ನಾಯಕನ ಹಾಗೆ ಕೂದಲಿಗೆ ಬಣ್ಣ ಹಚ್ಚಿಕೊಳ್ಳುತ್ತಾನೆ. ಮೈಕಲ್ ಫಾಸ್‌ಬೆಂಡರ್ ಆ ಪಾತ್ರದಲ್ಲಿ ಒಂದು ಕಡೆಯೂ ದನಿ ಏರಿಸುವುದಿಲ್ಲ. ಅದೇ ಭಯ ಹುಟ್ಟಿಸುತ್ತದೆ. ಬೈದವರೂ ಹೊಗಳಿದವರೂ ಇದೊಂದನ್ನು ಜಗಳ ಇಲ್ಲದೆ ಒಪ್ಪುತ್ತಾರೆ, ಅಲ್ವಾ?

ಎಂಜಿನಿಯರ್‌ಗಳು ನಮ್ಮನ್ನು ಕೊಲ್ಲಲು ಹೊರಟಿದ್ದು ಯಾಕೆ ಅನ್ನುವುದಕ್ಕೆ ಇನ್ನೂ ಒಂದು ಸುಳಿವು ಎಷ್ಟೋ ಜನರ ಕಣ್ಣು ತಪ್ಪಿದೆ. ಗುಹೆಯಲ್ಲಿ ಸಿಕ್ಕ ಎಂಜಿನಿಯರ್‌ನ ಹೆಣ ಸುಮಾರು 2000 ವರ್ಷ ಹಳೆಯದು ಅಂತ ಹೇಳುತ್ತಾರೆ. ಕಥೆ ನಡೆಯುವುದು 2093ರ ಕ್ರಿಸ್‌ಮಸ್ ಹೊತ್ತಿಗೆ, ನೌಕೆಯಲ್ಲಿ ಕ್ರಿಸ್‌ಮಸ್ ಮರ ನಿಲ್ಲಿಸಿದ್ದಾರೆ. ಶಾ ಕೊರಳಲ್ಲಿ ಶಿಲುಬೆ ಇದೆ. 2000 ವರ್ಷದ ಹಿಂದೆ ಭೂಮಿಯಲ್ಲಿ ಮನುಷ್ಯರು ಯಾರನ್ನು ಕೊಂದರು ಅಂತ ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು. ಹೇಳಿದ್ದರೆ ಇಡೀ ಸಿನಿಮಾ ಒಂದು ಒಗಟಿನ ಉತ್ತರವಾಗಿ ಮುದುಡಿಬಿಡುತ್ತಿತ್ತು.

ಹಾಗಾದರೆ ನನಗೆ ದೂರೇ ಇಲ್ಲವಾ? ಇದೆ, ಎರಡು ದೊಡ್ಡವು.

ಮೊದಲನೆಯದು ಸ್ಪೇಸ್ ಜಾಕಿ. 1979ರಲ್ಲಿ ಅದು ಕುರ್ಚಿಯ ಜೊತೆಗೇ ಬೆಳೆದಂತೆ ಕಾಣುತ್ತಿತ್ತು. ಎಲ್ಲಿ ಮೈ ಮುಗಿದು ಎಲ್ಲಿ ಯಂತ್ರ ಶುರುವಾಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಆನೆಯ ಸೊಂಡಿಲಿನಂಥ ಮುಖ. 2012ರಲ್ಲಿ ಅದು ಬರೀ ಉಡುಪು ಅಂದರು. ಕಳಚಿದರೆ ಒಳಗೆ ಬಿಳಿ ಬಣ್ಣದ, ಕಟ್ಟುಮಸ್ತಾದ, ನಮ್ಮಂಥದ್ದೇ ಮುಖದ ಎತ್ತರದ ಮನುಷ್ಯ. ಡಿಎನ್ಎ ಕೂಡ ನಮ್ಮದೇ. ಬ್ರಹ್ಮಾಂಡದಲ್ಲಿ ಇಷ್ಟು ದೂರ ಹೋದರೂ ಕೊನೆಗೆ ಸಿಗುವುದು ನಾವೇನಾ? ಮೊದಲ ಸಿನಿಮಾದ ಭಯ ಇದ್ದದ್ದೇ ಅಲ್ಲಿರುವುದಕ್ಕೂ ನಮಗೂ ಯಾವ ಸಂಬಂಧವೂ ಇಲ್ಲ ಅನ್ನುವುದರಲ್ಲಿ. ಪ್ರಿಕ್ವೆಲ್ ಆ ದೂರವನ್ನು ಅಳಿಸಿಹಾಕಿತು. ಹೊಸ ಸಿನಿಮಾ ನೋಡಿದ ಮೇಲೆ ಹಳೆಯ ಸಿನಿಮಾವೂ ಸ್ವಲ್ಪ ಚಿಕ್ಕದಾಯಿತು. ಪ್ರಿಕ್ವೆಲ್ ಮಾಡುವಾಗ ಇರುವ ನಿಜವಾದ ಅಪಾಯ ಇದೇ. ಸೀಕ್ವೆಲ್ ಕೆಟ್ಟರೆ ಅದನ್ನು ಮರೆತು ಮೊದಲನೆಯದನ್ನು ಮತ್ತೆ ನೋಡಬಹುದು. ಪ್ರಿಕ್ವೆಲ್ ಹೇಳಿದ್ದನ್ನು ತಲೆಯಿಂದ ತೆಗೆಯುವುದು ಅಷ್ಟು ಸುಲಭ ಅಲ್ಲ.

ಎರಡನೆಯದು ಕತ್ತರಿಸಿ ಹಾಕಿದ ಮಾತು. ಕೊನೆಯಲ್ಲಿ ಎಂಜಿನಿಯರ್‌ನನ್ನು ಎಬ್ಬಿಸುತ್ತಾರೆ. ಡೇವಿಡ್ ಅವನ ಭಾಷೆಯಲ್ಲಿ ಏನೋ ಹೇಳುತ್ತಾನೆ. ಎಂಜಿನಿಯರ್ ಅವನ ತಲೆ ಸವರಿ, ಆ ತಲೆಯನ್ನೇ ಕಿತ್ತು, ಅದರಿಂದಲೇ ವೇಲ್ಯಾಂಡ್‌ನನ್ನು ಹೊಡೆದು ಹಾಕುತ್ತಾನೆ. ಥಿಯೇಟರಿನಲ್ಲಿ ನಾವು ನೋಡಿದ್ದು ಇಷ್ಟು. ಆಮೇಲೆ ಡಿಸ್ಕ್‌ನಲ್ಲಿ ಬಂದ ಬಿಟ್ಟುಹೋದ ದೃಶ್ಯಗಳಲ್ಲಿ ಆ ಮಾತುಕತೆ ಇನ್ನೂ ಉದ್ದ ಇದೆ, ಎಂಜಿನಿಯರ್ ಕೂಡ ಬಾಯಿ ಬಿಡುತ್ತಾನೆ. ಆ ಭಾಷೆಯನ್ನು ಭಾಷಾತಜ್ಞರೊಬ್ಬರಿಂದ ಹೊಸದಾಗಿ ಕಟ್ಟಿಸಿದ್ದರು. ಅಷ್ಟು ಖರ್ಚು, ಅಷ್ಟು ಶ್ರಮ ಹಾಕಿ ಕೊನೆಗೆ ಕತ್ತರಿ ಆಡಿಸಿದರು. ಆ ಎರಡು ಮಾತು ಇದ್ದಿದ್ದರೆ ಅವನು ಸೃಷ್ಟಿಕರ್ತ ಆಗಿಯೇ ಉಳಿಯುತ್ತಿದ್ದ. ಇಲ್ಲದಿದ್ದಕ್ಕೆ ಅವನೂ ಅಟ್ಟಿಸಿಕೊಂಡು ಬರುವ ಇನ್ನೊಂದು ರಾಕ್ಷಸ ಆದ. ಗುಟ್ಟು ಉಳಿಸಿಕೊಳ್ಳುವುದೇ ಬೇರೆ, ಕೇಳಿದ ಪ್ರಶ್ನೆಗೆ ಮುಖ ತಿರುಗಿಸುವುದೇ ಬೇರೆ. ಬೈದವರು ಈ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿದರು.

ಮೂಟೆ ಹೋಗಿ ಸ್ಟುಡಿಯೋ ಬಾಗಿಲಿಗೆ ಬಿತ್ತು. ಸುಮಾರು 13 ಕೋಟಿ ಡಾಲರ್ ಹಾಕಿದ ಸಿನಿಮಾ ಜಗತ್ತಿನಾದ್ಯಂತ 40 ಕೋಟಿ ಡಾಲರ್ ಗಳಿಸಿತ್ತು. ಅಂದರೆ ಸೋತ ಸಿನಿಮಾ ಅಲ್ಲ. ಆದರೂ ಎಲ್ಲಕ್ಕಿಂತ ಜೋರಾಗಿ ಕೇಳಿಸಿದ್ದು ‘ಏಲಿಯನ್ ಎಲ್ಲಿ?’ ಅನ್ನುವ ಕೂಗು. ಅಭಿಮಾನಿಗಳಿಗೆ ಹಳೆಯ ಪ್ರಾಣಿಯೇ ಬೇಕಿತ್ತು ಅನ್ನುವ ಅರ್ಥದ ಮಾತನ್ನು ಸ್ಕಾಟ್ ಸಂದರ್ಶನಗಳಲ್ಲಿ ಹೇಳಿದರು. 2017ರಲ್ಲಿ ‘ಏಲಿಯನ್: ಕವನೆಂಟ್’ ಬಂತು. ಹೆಸರಿನಲ್ಲೇ ಏಲಿಯನ್ ಇತ್ತು. ಮೊಟ್ಟೆ ಇತ್ತು, ಮುಖಕ್ಕೆ ಹಾರುವ ಜೀವಿ ಇತ್ತು, ಎದೆ ಸೀಳುವುದೂ ಇತ್ತು. ಕೇಳಿದ್ದೆಲ್ಲ ಕೊಟ್ಟರು.

ಬದಲಿಗೆ ಕಿತ್ತುಕೊಂಡದ್ದೇನು? ಹಿಂದಿನ ಸಿನಿಮಾದ ಕೊನೆಯಲ್ಲಿ ಶಾ, ಡೇವಿಡ್‌ನ ಕಿತ್ತ ತಲೆಯನ್ನು ಚೀಲದಲ್ಲಿ ಹಾಕಿಕೊಂಡು, ಭೂಮಿಗೆ ವಾಪಸ್ ಹೋಗುವ ಅವಕಾಶ ಬಿಟ್ಟು, ಎಂಜಿನಿಯರ್‌ಗಳ ಮನೆ ಹುಡುಕಿಕೊಂಡು ಹೊರಟಿದ್ದಳು. ಯಾಕೆ ಕೊಲ್ಲಲು ಹೊರಟಿರಿ ಅಂತ ಮುಖಾಮುಖಿ ಕೇಳಲು. ಅವಳ ಆ ಪಯಣ ಎರಡು ಸಿನಿಮಾಗಳ ನಡುವೆಯೇ ಮುಗಿದುಹೋಯಿತು. ಶಾ ಪಾತ್ರ ಮಾಡಿದ ನೂಮಿ ರಪಾಸ್ ಕಾಣಿಸಿಕೊಂಡದ್ದು ಪ್ರಚಾರಕ್ಕೆ ಮಾಡಿದ ಒಂದು ಕಿರು ವಿಡಿಯೋದಲ್ಲಿ. ಸಿನಿಮಾದಲ್ಲಿ ನಮಗೆ ಸಿಕ್ಕಿದ್ದು ಅವಳ ಹೆಣ. ಎಂಜಿನಿಯರ್‌ಗಳ ಇಡೀ ನಗರವನ್ನು ಡೇವಿಡ್ ಕಪ್ಪು ದ್ರವ ಸುರಿದು ಅಳಿಸಿಹಾಕುವುದು ಒಂದು ಫ್ಲ್ಯಾಶ್‌ಬ್ಯಾಕ್‌ನಲ್ಲಿ ಬಂದು ಹೋಗುತ್ತದೆ. ಉತ್ತರ ಬೇಕು ಅಂತ ಗಲಾಟೆ ಮಾಡಿದವರಿಗೆ ಉತ್ತರ ಹೇಳಬೇಕಾದವರನ್ನೇ ಕೊಂದು ಕೊಟ್ಟರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಪಕ್ಕಾ ಅದೇ. ಜ್ವರ ಇದ್ದದ್ದು ಪಾತ್ರಗಳ ಬರವಣಿಗೆಗೆ. ಬರೆ ಬಿದ್ದದ್ದು ದೊಡ್ಡ ಪ್ರಶ್ನೆಗಳಿಗೆ. ಪಾತ್ರಗಳು ಸುಧಾರಿಸಿದವಾ? ಇಲ್ಲ. ‘ಕವನೆಂಟ್’ನ ಜನ ಹೊಸ ಗ್ರಹಕ್ಕೆ ಹೆಲ್ಮೆಟ್ ಇಲ್ಲದೇ ಇಳಿಯುತ್ತಾರೆ. ಗಳಿಕೆ ಸುಮಾರು 24 ಕೋಟಿ ಡಾಲರ್‌ಗೆ ಬಂದು ನಿಂತಿತು. ಆ ದಾರಿಯಲ್ಲಿ ಮೂರನೇ ಸಿನಿಮಾ ಬರಲೇ ಇಲ್ಲ.

ಈಗ ತಮಾಷೆ ನೋಡಿ. ಅಂದು ‘ಪ್ರೊಮೀಥಿಯಸ್’ಗೆ ಉಗಿದವರಲ್ಲೇ ಎಷ್ಟೋ ಜನ, ಅದೇ ಪರವಾಗಿರಲಿಲ್ಲ, ಏನೋ ಹೊಸದು ಹೇಳೋಕೆ ಹೊರಟಿತ್ತು ಅನ್ನುತ್ತಿದ್ದಾರೆ. 2024ರ ‘ಏಲಿಯನ್: ರೊಮ್ಯುಲಸ್’ನಲ್ಲಿ ಆ ಕಪ್ಪು ದ್ರವ ವಾಪಸ್ ಬಂದಾಗ ಚಪ್ಪಾಳೆ ಬಿತ್ತು. ‘ಸ್ಟಾರ್ ವಾರ್ಸ್’ನ 1999, 2002, 2005ರ ಪ್ರಿಕ್ವೆಲ್‌ಗಳ ಕಥೆಯೂ ಹೀಗೇ. ಬಂದಾಗ ಕಸ ಅಂದರು. ಅವನ್ನು ನೋಡಿ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಅದೇ ಸಿನಿಮಾಗಳ ಪರ ನಿಂತರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. 1999ರ ಸಿನಿಮಾದಲ್ಲಿ ಜಾರ್ ಜಾರ್ ಬಿಂಕ್ಸ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಮೇಲೆ ಬಿದ್ದ ಬೈಗುಳ ಎಷ್ಟಿತ್ತೆಂದರೆ, ಬದುಕೇ ಬೇಡ ಅನ್ನಿಸಿತ್ತು ಅಂತ ಅವರು 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. 2023ರಲ್ಲಿ ‘ಸ್ಟಾರ್ ವಾರ್ಸ್’ನದೇ ಧಾರಾವಾಹಿ ‘ದಿ ಮ್ಯಾಂಡಲೋರಿಯನ್’ನಲ್ಲಿ ಜೆಡೈ ಯೋಧನಾಗಿ ಬಂದು ಪುಟ್ಟ ಗ್ರೋಗುವನ್ನು ಕಾಪಾಡಿದಾಗ ಅಭಿಮಾನಿಗಳು ಕುಣಿದಾಡಿದರು. ನಡುವೆ 24 ವರ್ಷ ಕಳೆದಿತ್ತು. ಸಿನಿಮಾಗೆ ಬೈಯಿರಿ, ಧಾರಾಳವಾಗಿ ಬೈಯಿರಿ. ಹೇಳಿಕೊಟ್ಟಂತೆ ನಟಿಸಿದವರನ್ನು ಬಿಟ್ಟುಬಿಡಿ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರಿಕ್ವೆಲ್‌ಗಳು ನಿಲ್ಲುವುದಿಲ್ಲ. 2025ರಲ್ಲಿ ‘ಏಲಿಯನ್: ಅರ್ಥ್’ ಧಾರಾವಾಹಿ ಬಂತು, ಅದರ ಕಥೆ ನಡೆಯುವುದೂ ಮೊದಲ ಸಿನಿಮಾದ ಕಾಲಕ್ಕಿಂತ ಎರಡು ವರ್ಷ ಹಿಂದೆ. ಮುಂದೆಯೂ ಬರುತ್ತವೆ. ಬೈಯುವಾಗ ಯಾವುದಕ್ಕೆ ಬೈಯುತ್ತಿದ್ದೀರಿ ಅನ್ನುವುದನ್ನು ಬಿಡಿಸಿ ಹೇಳಿ. ‘ಮಿಲ್‌ಬರ್ನ್ ಹಾಗೆ ಮಾಡುವುದನ್ನು ನಂಬೋಕೆ ಆಗಲ್ಲ’ ಅಂದರೆ ಬರೆಯುವವನಿಗೆ ತಿದ್ದಲು ದಾರಿ ಇದೆ. ‘ಏನೂ ಅರ್ಥ ಆಗ್ಲಿಲ್ಲ, ಹಳೇದೇ ಕೊಡಿ’ ಅಂದರೆ ಹಳೆಯದನ್ನೇ ಬಿಸಿ ಮಾಡಿ ಬಡಿಸುತ್ತಾರೆ, ಖರ್ಚೂ ಕಡಿಮೆ, ತಲೆನೋವೂ ಕಡಿಮೆ. ಹೊಗಳುವವರೂ ಅಷ್ಟೇ. ಡೇವಿಡ್ ಚೆನ್ನಾಗಿದ್ದಾನೆ ಅನ್ನಿ, ಜಲಪಾತ ಚೆನ್ನಾಗಿದೆ ಅನ್ನಿ, ಜೊತೆಗೇ ನಕ್ಷೆ ಇದ್ದೂ ದಾರಿ ತಪ್ಪಿದವನ ಬಗ್ಗೆ ಇದು ಸರಿ ಇಲ್ಲ ಅನ್ನಿ. ಅದರಿಂದ ಸಿನಿಮಾದ ಮರ್ಯಾದೆ ಏನೂ ಹೋಗಲ್ಲ.

ಸ್ಟುಡಿಯೋದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಎಲಿಜಬೆತ್ ಶಾ ಎಂಜಿನಿಯರ್‌ಗಳ ಗ್ರಹಕ್ಕೆ ಹೋದ ಆ ಪಯಣದ ಕಥೆ ಹಾಗೇ ಉಳಿದಿದೆ. ಸಿನಿಮಾ ಆಗದಿದ್ದರೆ ಧಾರಾವಾಹಿ ಮಾಡಿ. ಏಲಿಯನ್ ಇಲ್ಲದಿದ್ದರೂ ನಡೆಯುತ್ತೆ, ನಾನಂತೂ ನೋಡುತ್ತೇನೆ.

ಇಂತಿ,
ನಿಮ್ಮಲ್ಲೇ ಒಬ್ಬ ಪ್ರೇಕ್ಷಕ